ಸಣ್ಣ ಅಣುಗಳಿಂದ ಜೀವಕೋಶದೊಳಗಿನ ಪ್ರೋಟೀನ್ ಹನಿಗಳನ್ನು (ಪೊರೆಯಿಲ್ಲದೆ ಪ್ರೋಟೀನ್‌ಗಳು ಒಟ್ಟುಗೂಡಿ ಆಗುವ ಹನಿಗಳು) ನಿಯಂತ್ರಿಸಬಹುದೇ? ಹೆಕ್ಸೇನ್‌ಡಯಾಲ್ ಎಂಬ ರಾಸಾಯನಿಕ ಹಾಕಿದಾಗ ಹನಿ ಮಾಯವಾದರೆ ಅದೇ ಅದಕ್ಕೆ ಸಾಕ್ಷಿಯಾಗುತ್ತದೆಯೇ?

ನಿಯಂತ್ರಿಸಬಹುದು. ಆದರೆ ಹೆಕ್ಸೇನ್‌ಡಯಾಲ್ ಒಂದನ್ನೇ ಸಾಕ್ಷಿ ಅಂತ ಹಿಡಿಯಬೇಡಿ.

ನಾನೂ ಇಂಥ ಹನಿಗಳ ಮೇಲೇ ಕೆಲಸ ಮಾಡುವವನು. 1,6-ಹೆಕ್ಸೇನ್‌ಡಯಾಲ್ ಪ್ರೋಟೀನ್‌ಗಳ ನಡುವಿನ ದುರ್ಬಲ ಹಿಡಿತವನ್ನು ಸಡಿಲಿಸುತ್ತದೆ, ನಿಜ. ಆದರೆ ಅದನ್ನು ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಹಾಕುತ್ತಾರೆ. ಅಷ್ಟು ಸುರಿದರೆ ಕೋಶದ ಪೊರೆಗೂ ಪೆಟ್ಟು ಬೀಳುತ್ತದೆ. ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ, ತೆಗೆಯುವ ಕಿಣ್ವಗಳಾದ ಕೈನೇಸ್, ಫಾಸ್ಫಟೇಸ್‌ಗಳ ಕೆಲಸವೂ ಕೆಡುತ್ತದೆ ಅಂತ 2021ರಲ್ಲಿ ತೋರಿಸಿದ್ದಾರೆ. ಹೀಗಿರುವಾಗ ಹನಿ ಯಾಕೆ ಹೋಯಿತು ಅಂತ ಹೇಳುವುದು ಹೇಗೆ?

ಇಸ್ರಿಬ್ ಎಂಬ ಅಣುವೂ ಸ್ಟ್ರೆಸ್ ಗ್ರಾನ್ಯೂಲ್‌ಗಳನ್ನು (ಕೋಶ ಒತ್ತಡಕ್ಕೆ ಸಿಕ್ಕಾಗ ಕಟ್ಟುವ ಹನಿಗಳು) ಕರಗಿಸುತ್ತದೆ. ಅದು ಹನಿಯನ್ನು ನೇರವಾಗಿ ಮುಟ್ಟುವುದೇ ಇಲ್ಲ. ಪ್ರೋಟೀನ್ ತಯಾರಿಕೆಗೆ ಬೇಕಾದ ಇಐಎಫ್2ಬಿ ಎಂಬ ಪ್ರೋಟೀನ್‌ಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ಮತ್ತೆ ಶುರು ಮಾಡಿಸುತ್ತದೆ, ಹನಿ ತಾನಾಗಿ ಕರಗುತ್ತದೆ. ಔಷಧಕ್ಕೆ ಇದೂ ಒಳ್ಳೆಯ ದಾರಿಯೇ.

ನನಗೆ ತುಂಬಾ ಹಿಡಿಸಿದ ಉದಾಹರಣೆ ಆರ್‌ಎಸ್‌ವಿ ವೈರಸ್‌ನದು. ಪುಟ್ಟ ಮಕ್ಕಳ ಶ್ವಾಸಕೋಶವನ್ನು ಕಾಡುವ ವೈರಸ್ ಇದು. ಹೊಕ್ಕ ಕೋಶದಲ್ಲಿ ತನ್ನದೇ ಹನಿಗಳನ್ನು ಕಟ್ಟಿ, ಅದರೊಳಗೆ ಆರ್‌ಎನ್‌ಎ ತಯಾರಿಸಿಕೊಳ್ಳುತ್ತದೆ. ಸೈಕ್ಲೋಪಮೈನ್ ಮತ್ತು ಅದರ ಸಂಬಂಧಿ ಎ3ಇ ಎಂಬ ಅಣುಗಳನ್ನು ಕೊಟ್ಟಾಗ ಆ ಹನಿಗಳು ಕರಗಲಿಲ್ಲ, ಗಟ್ಟಿಯಾದವು! ವೈರಸ್ ಬೆಳವಣಿಗೆ ತಗ್ಗಿತು. 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಕೆಲಸ ಇದು. ಇಲಿಗಳ ಶ್ವಾಸಕೋಶದಲ್ಲೂ ಹನಿಗಳ ರಚನೆ ಹಾಳಾಗಿರುವುದು ಕಂಡಿತು. ಹನಿ ಹರಿಯುವಂತಿದ್ದರೇ ಒಳಗೆ ಕೆಲಸ ನಡೆಯುವುದು, ಅಲ್ವಾ? ಹಾಗಾಗಿ ನಿಯಂತ್ರಣ ಎಂದರೆ ಕರಗಿಸುವುದು ಮಾತ್ರ ಅಂದುಕೊಳ್ಳಬೇಡಿ.

ಸೈಕ್ಲೋಪಮೈನ್ ಕೋಶದ ಬೆಳವಣಿಗೆಯನ್ನು ನಿರ್ದೇಶಿಸುವ ಹೆಡ್ಜ್‌ಹಾಗ್ ಎಂಬ ಸಂಕೇತಗಳನ್ನೂ ತಡೆಯುತ್ತದೆ. ಹಾಗಾದರೆ ಪರಿಣಾಮ ಅಲ್ಲಿಂದ ಬಂದಿರಬಹುದಲ್ಲ? ಇಲ್ಲ. ವೈರಸ್‌ನದೇ ಎಂ2-1 ಎಂಬ ಪ್ರೋಟೀನ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದಾಗ ಔಷಧದ ಆಟ ನಿಂತುಹೋಯಿತು. ಸಾಕ್ಷಿ ಎಂದರೆ ಇದು.

ಇನ್ನೊಂದು ವಿಷಯ. ಔಷಧಗಳು ಹನಿಯೊಳಗೆ ಸೇರಿಕೊಳ್ಳುವುದೂ ಉಂಟು. ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್, ಎಂಇಡಿ1 ಎಂಬ ಪ್ರೋಟೀನ್‌ನ ಹನಿಗಳಲ್ಲಿ ಜಾಸ್ತಿ ಸಂಗ್ರಹವಾಗುತ್ತದೆ ಅಂತ 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಔಷಧ ಕೋಶವನ್ನು ಹೊಕ್ಕರೆ ಸಾಲದು, ಯಾವ ಹನಿಗೆ ಹೋಯಿತು ಅಂತಲೂ ನೋಡಬೇಕು.

ನಿಮ್ಮ ಪ್ರಯೋಗದಲ್ಲಿ ಮೊದಲು ಹೆಕ್ಸೇನ್‌ಡಯಾಲ್ ಪ್ರಮಾಣ ಮತ್ತು ಸಮಯ ಎರಡನ್ನೂ ಇಳಿಸಿ. ಫ್ರ್ಯಾಪ್ ಮಾಡಿ (ಹೊಳೆಯುವ ಹನಿಯ ಒಂದು ಭಾಗವನ್ನು ಲೇಸರ್‌ನಿಂದ ಮಂಕಾಗಿಸಿ, ಹೊಳಪು ಎಷ್ಟು ಬೇಗ ಮರಳುತ್ತದೆ ಅಂತ ನೋಡುವ ವಿಧಾನ), ಹನಿ ಎಷ್ಟು ಹರಿಯುತ್ತದೆ ಅಂತ ಅಳೆಯಿರಿ. ಆಮೇಲೆ ಹನಿ ಕಟ್ಟಲಾಗದಂತೆ ಬದಲಾಯಿಸಿದ (ಮ್ಯೂಟೆಂಟ್) ಪ್ರೋಟೀನ್ ಮಾಡಿ, ಅದರಲ್ಲೂ ಅದೇ ಪರಿಣಾಮ ಬರುತ್ತದಾ ನೋಡಿ. ಬಂದರೆ, ನಿಮ್ಮ ಅಣು ಬೇರೆಲ್ಲೋ ಕೆಲಸ ಮಾಡುತ್ತಿದೆ.