ಇದ್ದಿಲಿಗೆ ಫ್ಲೋರೈಡ್ ಯಾಕೆ ಅಂಟುವುದಿಲ್ಲ?

ಪ್ರಶ್ನೆ: ಸರ್, ನಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2.6 ಮಿಲಿಗ್ರಾಂ ಎಂದು ರಿಪೋರ್ಟ್ ಬಂತು. ಕೊಡದಲ್ಲಿ ಇದ್ದಿಲು, ಮರಳು ತುಂಬಿ ಸೋಸಿದೆವು. ವಾಸನೆ ಪೂರ್ತಿ ಹೋಯಿತು. ಮತ್ತೆ ಟೆಸ್ಟ್ ಮಾಡಿಸಿದರೆ ಫ್ಲೋರೈಡ್ ಹಾಗೇ ಇದೆ. ಇದ್ದಿಲು ಸಾಲಲಿಲ್ಲವೇ? ಬಿಳಿ ಗುಂಡುಗಳ ಫಿಲ್ಟರ್ ಮಾರಲು ಒಬ್ಬರು ಬಂದಿದ್ದಾರೆ. ಕೊಳ್ಳಬಹುದೇ?
– ಓದುಗರು, ಹುನಗುಂದ ತಾಲ್ಲೂಕು

ಉತ್ತರ: ಇನ್ನೊಂದು ಚೀಲ ಇದ್ದಿಲು ಸುರಿದರೂ ಅಷ್ಟೇ ರೀ. ಬಾಗಲಕೋಟೆಯಲ್ಲಿ ಕೆಮಿಸ್ಟ್ರಿ ಪಾಠ ಮಾಡುವಾಗ ನೀರಿಗೆ ನೀಲಿ ಇಂಕು, ಒಂದು ಚಮಚ ಉಪ್ಪು ಎರಡನ್ನೂ ಬೆರೆಸಿ, ಇದ್ದಿಲ ಪುಡಿ ಹಾಕಿ ಸೋಸುತ್ತಿದ್ದೆ. ನೀಲಿ ಮಾಯವಾಗುತ್ತಿತ್ತು. ಉಪ್ಪು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ.

ಇದ್ದಿಲು ಜರಡಿಯಂತೆ ತಡೆಯುವುದಿಲ್ಲ. ಅದರ ಸಣ್ಣ ಸಣ್ಣ ರಂಧ್ರಗಳ ಗೋಡೆಗೆ ಕೆಲವು ಪದಾರ್ಥಗಳು ಅಂಟಿಕೊಳ್ಳುತ್ತವೆ. ಅಂಗಡಿಯಲ್ಲಿ ಸಿಗುವ ಆಕ್ಟಿವೇಟೆಡ್ ಕಾರ್ಬನ್ (ರಂಧ್ರಗಳು ಹೆಚ್ಚುವಂತೆ ಸಿದ್ಧಪಡಿಸಿದ ಇದ್ದಿಲು) ಒಂದು ಗ್ರಾಮಿನಲ್ಲಿ ಸುಮಾರು 1000 ಚದರ ಮೀಟರ್, ಅಂದರೆ ಹತ್ತು ಗುಂಟೆಯಷ್ಟು ಒಳಮೈ ಇರುತ್ತದೆ. ಒಲೆಯ ಇದ್ದಿಲಿಗೆ ಅಷ್ಟಿಲ್ಲ. ಆದರೆ ಇಲ್ಲಿ ಅಳತೆಗಿಂತ ಮೈಯ ಗುಣ ದೊಡ್ಡದು. ಇದ್ದಿಲಿನ ಮೈ ನೀರಿಗಿಂತ ಎಣ್ಣೆಯಂಥವುಗಳಿಗೆ ಒಲಿಯುತ್ತದೆ. ಬಣ್ಣ, ವಾಸನೆ ಕೊಡುವ, ಇಂಗಾಲ ಸೇರಿರುವ ದೊಡ್ಡ ಅಣುಗಳು ಅಲ್ಲಿ ಕೂರುತ್ತವೆ. ಫ್ಲೋರೈಡ್ ಪುಟ್ಟ ಋಣ ಅಯಾನು, ಅಂದರೆ ಋಣ ವಿದ್ಯುದಂಶ ಹೊತ್ತ ಕಣ. ನೀರಿನ ಅಣುಗಳು ಅದನ್ನು ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಅವನ್ನು ಬಿಟ್ಟು ಇದ್ದಿಲಿಗೆ ಬರಲು ಅದಕ್ಕೆ ಕಾರಣವೇ ಇಲ್ಲ.

ಆ ಬಿಳಿ ಗುಂಡುಗಳು ಬಹುಶಃ ಆಕ್ಟಿವೇಟೆಡ್ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ, ಆಮ್ಲಜನಕ ಸೇರಿದ ರಂಧ್ರಭರಿತ ಪದಾರ್ಥ. ಗ್ರಾಮಿಗೆ ಎರಡು–ಮೂರು ಗುಂಟೆ ಮೈ ಸಿಕ್ಕರೆ ಹೆಚ್ಚು. ಆದರೂ ಫ್ಲೋರೈಡ್ ಹಿಡಿಯುತ್ತದೆ! ನೀರಲ್ಲಿ ನೆನೆದ ಅಲ್ಯೂಮಿನಾ ಮೈಮೇಲೆ ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ, ಅಂದರೆ ಆಮ್ಲಜನಕ–ಜಲಜನಕದ ಜೋಡಿಗಳು. ಫ್ಲೋರೈಡ್ ಅವನ್ನು ಹೊರದಬ್ಬಿ ನೇರವಾಗಿ ಅಲ್ಯೂಮಿನಿಯಂ ಜೊತೆ ಬೆಸೆದುಕೊಳ್ಳುತ್ತದೆ. ನೀರು ಸ್ವಲ್ಪ ಹುಳಿ ಇದ್ದರೆ, ಪಿಎಚ್ (ಹುಳಿ–ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಹುಳಿ, ಹೆಚ್ಚು ಕ್ಷಾರ) 5.5ರ ಆಸುಪಾಸು, ಆ ಮೈಗೆ ಧನ ವಿದ್ಯುದಂಶ ಬರುತ್ತದೆ, ಕೆಲಸ ಚೆನ್ನಾಗಿ ನಡೆಯುತ್ತದೆ. ಪಿಎಚ್ 8 ದಾಟುತ್ತಾ ಹೋದಂತೆ ಹಿಡಿತ ಸಡಿಲ. ಫ್ಲೋರೈಡ್ ಜಾಸ್ತಿ ಇರುವ ಬೋರ್ ನೀರು ಸಾಮಾನ್ಯವಾಗಿ ಕ್ಷಾರವೇ ಅಲ್ವಾ, ಅದೇ ಜಾಗಗಳಿಗೆ ಪೈಪೋಟಿ ಮಾಡುವ ಬೈಕಾರ್ಬನೇಟೂ ಸೇರಿರುತ್ತದೆ. ಹಾಗಾಗಿ ಡಬ್ಬಿಯ ಮೇಲೆ ಬರೆದಷ್ಟು ಲೀಟರ್ ನಿಮ್ಮಲ್ಲಿ ಬರಲಿಕ್ಕಿಲ್ಲ. "ಎಂಥ ನೀರಾದರೂ ನಡೆಯುತ್ತದೆ" ಎಂದು ಮಾರುವವರು ಹೇಳಿದರೆ ಬಾಗಿಲಿಂದಲೇ ಕಳಿಸಿ. ಪಿಎಚ್ ಇಳಿಸಲು ಮನೆಯಲ್ಲಿ ಆ್ಯಸಿಡ್ ಹಾಕುವ ಉಸಾಬರಿ ಬೇಡವೇ ಬೇಡ.

ಕೊಳ್ಳುವುದಾದರೆ ಒಂದು ಮಾತು ಕೇಳಿ: ಗುಂಡುಗಳನ್ನು ತೊಳೆದು ಮತ್ತೆ ಸಜ್ಜು ಮಾಡಿಕೊಡುವವರು ಯಾರು? ಮೈಮೇಲಿನ ಜಾಗಗಳು ತುಂಬಿದ ಮೇಲೆ ಫ್ಲೋರೈಡ್ ಸುಮ್ನೆ ದಾಟಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ಈ ಮಟ್ಟದಲ್ಲಿ ರುಚಿಯೂ ಗೊತ್ತಾಗದು. ತೊಳೆಯುವುದು ಕಾಸ್ಟಿಕ್ ಸೋಡಾದಿಂದ, ಆಮೇಲೆ ಆ್ಯಸಿಡ್‌ನಿಂದ. ಅಡುಗೆಮನೆಯ ಕೆಲಸವಲ್ಲ. ಸೋಸಿದ ನೀರನ್ನು ಆಗಾಗ ಟೆಸ್ಟ್ ಮಾಡಿಸಲೇಬೇಕು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5.

ಊರಿಗೆ ನದಿ ನೀರಿನ ನಲ್ಲಿ ಬಂದಿದ್ದರೆ ಫಿಲ್ಟರ್ ದುಡ್ಡು ಉಳಿಸಿ, ಕುಡಿಯಲು ಆ ನೀರು ಹಿಡಿಯಿರಿ. ಬೋರ್ ನೀರು ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಹಾಗೇ ಉಳಿದು ಲೀಟರಿಗೆ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ಸಾಕು. ಬೇಳೆ ಬೇಯಿಸಲು, ಹಿಟ್ಟು ನಾದಲು ಮಾತ್ರ ಒಳ್ಳೆಯ ನೀರೇ ಬಳಸಿ. ಹೆಚ್ಚಿನವರು ಮರೆಯುವುದು ಅದನ್ನೇ.