ತೊಗರಿಯ ಪ್ರೊಟೀನಿಗೆ ಟ್ರಿಪ್ಸಿನ್ ಸಾಲದೇ?

ಪ್ರಶ್ನೆ: ನಾನು ರಾಯಚೂರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ತೊಗರಿ ಕಾಳಿನ ಪ್ರೊಟೀನನ್ನು 8 ಮೋಲಾರ್ ಯೂರಿಯಾದಲ್ಲಿ ಕರಗಿಸಿ, ಪ್ರೊಟೀನನ್ನು ಕತ್ತರಿಸುವ ಟ್ರಿಪ್ಸಿನ್ ಕಿಣ್ವ ಹಾಕಿ ರಾತ್ರಿಯಿಡೀ ಇಟ್ಟು, ತುಣುಕುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳುಹಿಸಿದೆ. ಗುರುತು ಸಿಕ್ಕ ಪ್ರೊಟೀನುಗಳು ಬೆರಳೆಣಿಕೆಯಷ್ಟು. ಬದಲಿಗೆ ಕೈಮೋಟ್ರಿಪ್ಸಿನ್ ಎಂಬ ಇನ್ನೊಂದು ಕಿಣ್ವ ಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಬೇಡ. ತೊಗರಿಯಂಥ ಕಾಳುಗಳಲ್ಲಿ ಟ್ರಿಪ್ಸಿನ್ನನ್ನೇ ಕಟ್ಟಿಹಾಕುವ ಪ್ರೊಟೀನುಗಳಿವೆ. ತಿನ್ನಲು ಬರುವ ಹುಳುವಿನ ಜೀರ್ಣಶಕ್ತಿ ಕುಗ್ಗಿಸಲು ಗಿಡ ಮಾಡಿಕೊಂಡ ರಕ್ಷಣೆ ಅದು. ಅವುಗಳಲ್ಲಿ ಬೌಮನ್-ಬರ್ಕ್ ಗುಂಪಿನವು ಚಿಕ್ಕವು, ಆದರೆ ಏಳು ಡೈಸಲ್ಫೈಡ್ (ಗಂಧಕದ ಜೋಡಿ) ಬಂಧಗಳಿಂದ ಬಿಗಿದುಕೊಂಡಿರುತ್ತವೆ. ಒಂದು ಬದಿ ಟ್ರಿಪ್ಸಿನ್ನನ್ನು ಹಿಡಿದರೆ ಇನ್ನೊಂದು ಬದಿ ಸಾಮಾನ್ಯವಾಗಿ ಕೈಮೋಟ್ರಿಪ್ಸಿನ್ನನ್ನು ಹಿಡಿಯುತ್ತದೆ. ಕಿಣ್ವ ಬದಲಿಸಿದರೂ ಅಡ್ಡಿ ತಪ್ಪಲಿಕ್ಕಿಲ್ಲ.

ಆ ಬಂಧಗಳನ್ನು ಬಿಡಿಸುವುದು ಡಿಟಿಟಿ (ಡೈಥಯೋಥ್ರೈಟಾಲ್) ಎಂಬ ರಾಸಾಯನಿಕ. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ. 5ರಿಂದ 10 ಮಿಲಿಮೋಲಾರ್ ಡಿಟಿಟಿ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಬಳಿಕ ಅದರ ಎರಡರಷ್ಟು ಅಯೊಡೊಅಸಿಟಮೈಡ್ ಬೆರೆಸಿ ಕತ್ತಲಲ್ಲಿ ಅರ್ಧ ಗಂಟೆ ಇಟ್ಟರೆ ಬಂಧಗಳು ಮತ್ತೆ ಕೂಡುವುದಿಲ್ಲ. 56 ಡಿಗ್ರಿಗೆ ಕಾಯಿಸಿ ಎನ್ನುವ ವಿಧಾನಗಳಿವೆ. ಯೂರಿಯಾ ಇರುವಾಗ ಅದು ಬೇಡವೇ ಬೇಡ. ಕಾದ ಯೂರಿಯಾದಿಂದ ಹುಟ್ಟುವ ಸಯನೇಟ್, ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡರೆ ಟ್ರಿಪ್ಸಿನ್ ಅಲ್ಲಿ ಕತ್ತರಿಸುವುದಿಲ್ಲ. ರಾಯಚೂರಿನ ಬೇಸಿಗೆಯಲ್ಲಂತೂ ಯೂರಿಯಾ ದ್ರಾವಣವನ್ನು ಮೇಜಿನ ಮೇಲೆ ದಿನಗಟ್ಟಲೆ ಬಿಡಲೇಬಾರದು. ಬೇಕಾದ ದಿನವೇ ತಯಾರಿಸಿಕೊಳ್ಳಿ.

ಇನ್ನೊಂದು ತೊಡಕು, 8 ಮೋಲಾರ್ ಯೂರಿಯಾದಲ್ಲಿ ಟ್ರಿಪ್ಸಿನ್ ಸೋಲುತ್ತದೆ. ಹಣ ಖರ್ಚು ಮಾಡುವುದಿದ್ದರೆ ಲೈಸ್-ಸಿ ಕಿಣ್ವ ಕೊಳ್ಳಿ. ಅದು ಅಷ್ಟು ಯೂರಿಯಾದಲ್ಲೂ ಲೈಸಿನ್ ಬಳಿ ಕತ್ತರಿಸುತ್ತದೆ. ಕೆಲವು ಗಂಟೆಗಳ ನಂತರ ಯೂರಿಯಾ 1 ಮೋಲಾರ್‌ಗೆ ಇಳಿಯುವಷ್ಟು ಬಫರ್ ಸೇರಿಸಿ, 50 ಪಾಲು ಪ್ರೊಟೀನಿಗೆ ಒಂದು ಪಾಲು ಟ್ರಿಪ್ಸಿನ್ ಹಾಕಿ. ಟ್ರಿಪ್ಸಿನ್ ಕತ್ತರಿಸಿದ ತುಣುಕಿನ ತುದಿಯಲ್ಲಿ ಲೈಸಿನ್ ಅಥವಾ ಆರ್ಜಿನೈನ್ ಉಳಿಯುತ್ತದೆ. ಅವು ಧನ ವಿದ್ಯುದಂಶ ಹೊರುವುದರಿಂದ ಯಂತ್ರದಲ್ಲಿ ಆ ತುಣುಕು (ಪೆಪ್ಟೈಡ್) ಚೆನ್ನಾಗಿ ಕಾಣುತ್ತದೆ. ಪ್ರೊಟೀನಿನ ಗುರುತಷ್ಟೇ ಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಕಿಣ್ವವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಪ್ರೊಟೀನಿನ ಉದ್ದಕ್ಕೂ ಅಮೈನೋ ಆಮ್ಲಗಳ ಸರಣಿ ಬೇಕೆನಿಸಿದಾಗ ಗ್ಲೂ-ಸಿ, ಆಸ್ಪ್-ಎನ್ ಎಂಬ ಕಿಣ್ವಗಳನ್ನು ನೋಡಬಹುದು. ಪೊರೆಯೊಳಗೆ ಹುದುಗಿದ ಪ್ರೊಟೀನಿಗೆ ಕೈಮೋಟ್ರಿಪ್ಸಿನ್ ಸರಿ.

ಮಾದರಿ ಕಳುಹಿಸುವ ಮುನ್ನ, ಟ್ರಿಪ್ಸಿನ್ ಹಾಕುವ ಮೊದಲಿನದನ್ನೂ ನಂತರದ್ದನ್ನೂ ಸ್ವಲ್ಪ ತೆಗೆದು, ಪ್ರೊಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡಿಸುವ ಜೆಲ್‌ನಲ್ಲಿ ಅಕ್ಕಪಕ್ಕ ಓಡಿಸಿ. ಹಳೆಯ ಪಟ್ಟಿಗಳು ಹಾಗೆಯೇ ಉಳಿದಿದ್ದರೆ ಜೀರ್ಣವಾಗಿಲ್ಲ. 23 ಕಿಲೋಡಾಲ್ಟನ್ (ಪ್ರೊಟೀನಿನ ತೂಕದ ಮಾನ) ಬಳಿ ತೆಳುವಾದ ಹೊಸ ಪಟ್ಟಿ ಕಂಡರೆ ಗಾಬರಿಯಾಗಬೇಡಿ, ಅದು ನೀವು ಹಾಕಿದ ಟ್ರಿಪ್ಸಿನ್ನೇ.