ಬಚ್ಚಲುಮನೆ ಬಾಗಿಲಲ್ಲಿ ಫೋನ್ ಹಿಡಿದು ನಿಂತ ತಾಯಿ

(ಗುರುತು ಸಿಗದಂತೆ ಊರು, ವಯಸ್ಸು, ಕೆಲವು ವಿವರ ಬದಲಿಸಿದ್ದೇನೆ.)

ಸಲಹೆ ಕೇಳಲು ಅತ್ತೆ ಸೊಸೆ ಇಬ್ಬರೂ ನನ್ನ ಬಳಿ ಒಟ್ಟಿಗೇ ಬಂದಿದ್ದರು. ಮಗುವಿಗೆ ಐದು ತಿಂಗಳು. ಗಂಡ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾರೆ. ತವರಲ್ಲಿ ಬಾಣಂತನ ಮುಗಿಸಿ ಬಂದ ದಿನದಿಂದ ಮಗುವಿಗೆ ನೀರು ಎರೆಯುವುದು ಅತ್ತೆ. ಮಣೆ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾರೆ. ಸೊಸೆ ಬಾಗಿಲಲ್ಲಿ ನಿಂತು ಫೋಟೊ ತೆಗೆಯುತ್ತಾರೆ. ಗಂಡನಿಗೆ ಕಳಿಸೋಕೆ ಅಂತ ಶುರುವಾಗಿದ್ದು ಆಮೇಲೆ ದಿನಾ ವಾಟ್ಸಾಪ್ ಸ್ಟೇಟಸ್‌ಗೂ ಹೋಗತೊಡಗಿತು. ಒಂದು ದಿನ ದೂರದ ನೆಂಟರೊಬ್ಬರ ಡಿಪಿಯಲ್ಲಿ ಈ ಮಗು, ಮೈಮೇಲೆ ನೂಲೆಳೆಯೂ ಇಲ್ಲದೆ. ಮನೆಯಲ್ಲಿ ದೊಡ್ಡ ರಂಪ.

"ದೃಷ್ಟಿ ಆಗತ್ತೆ ಅಂತ ಬಡ್ಕೊಂಡೆ, ಕೇಳಲಿಲ್ಲ" ಅಂದರು ಅತ್ತೆ. ಸೊಸೆ ಮಾತೇ ಆಡಲಿಲ್ಲ.

ಫೋಟೊ ತೋರಿಸಿ ಅಂದೆ. ಎಷ್ಟು ಚೆನ್ನಾಗಿದ್ದವು ಗೊತ್ತಾ! ಎಣ್ಣೆ ಬೆನ್ನ ಮೇಲೆ ನಿಲ್ಲದೆ ಜಾರುವ ನೀರಿನ ಹನಿ, ನೆನೆದು ಸುಕ್ಕಾದ ಪುಟ್ಟ ಹಿಮ್ಮಡಿ. ನೋಡುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಎಲ್ಲದರಲ್ಲೂ ಅತ್ತೆಯದೇ ಕೈ. "ಒಂದರಲ್ಲೂ ನಿಮ್ಮ ಕೈ ಇಲ್ವಲ್ಲ?" ಅಂದೆ. ಅವರು ಅತ್ತುಬಿಟ್ಟರು. "ನಿಂಗೆ ಎರೆಯೋಕೆ ಬರಲ್ಲ, ಜಾರಿಸಿಬಿಡ್ತೀಯ ಅಂತಾರೆ. ನಾನು ಇನ್ನೇನು ಮಾಡ್ಲಿ ಮೇಡಂ?"

ನನ್ನ ಪ್ರಕಾರ ಜಗಳದ ಬೇರು ಇಲ್ಲೇ ಇತ್ತು. ಕೈಗೆ ಮಗು ಸಿಗದ ತಾಯಿ ಫೋನ್ ಹಿಡಿದಿದ್ದರು.

ಹಾಗಂತ ಸ್ಟೇಟಸ್ ವಿಷಯ ಸಣ್ಣದಲ್ಲ. ಅದನ್ನು ನೇರವಾಗಿಯೇ ಹೇಳಿದೆ. ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ, ಯಾರಾದರೂ ತೆಗೆದಿಟ್ಟ ಸ್ಕ್ರೀನ್‌ಶಾಟ್ ಮಾಯವಾಗುವುದಿಲ್ಲ. ನಿಮ್ಮ ಕಾಂಟ್ಯಾಕ್ಟ್‌ನಲ್ಲಿ ಗ್ಯಾಸ್ ತರುವವರು, ಹಳೇ ಮನೆ ಓನರ್, ಯಾರ್ಯಾರೋ ಇರುತ್ತಾರೆ ಅಲ್ವಾ? ಮಕ್ಕಳ ಚಿತ್ರ ಕೆಟ್ಟದ್ದಕ್ಕೆ ಬಳಸುವವರನ್ನು ಹಿಡಿಯಲು 2012ರ ಪೋಕ್ಸೊ ಕಾಯ್ದೆ ಇದೆ, ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ಬಿ ಸೆಕ್ಷನ್ ಇದೆ, ಆದರೆ ಅವು ಬರುವುದು ಫೋಟೊ ಕೈತಪ್ಪಿದ ಮೇಲೆ. ಬರಿಮೈ ಫೋಟೊ ಫ್ಯಾಮಿಲಿ ಗ್ರೂಪಿಗೂ ಬೇಡ. ಆ ನೆಂಟರಿಗೆ ಇವತ್ತೇ ಫೋನ್ ಮಾಡಿ ಡಿಪಿ ತೆಗೆಸಿ, ಅವರ ಫೋನಿಂದಲೂ ಅಳಿಸಲು ಹೇಳಿ. ಗಂಡನಿಗೆ ಬೇಕಾದರೆ ಟವೆಲ್ ಸುತ್ತಿದ ಮೇಲೆ ತೆಗೆದು ಕಳಿಸಿ. ಒದ್ದೆ ಕೂದಲು ಹಣೆಗೆ ಅಂಟಿಕೊಂಡ ಆ ಮುಖ ಸಾಕು.

ಅತ್ತೆಗೆ ಹೇಳಿದ್ದು ಬೇರೆ. ವಾರಕ್ಕೆ ಮೂರು ದಿನ ಸೊಸೆ ಎರೆಯಲಿ, ನೀವು ಪಕ್ಕದಲ್ಲೇ ಕೂತು ಕಲಿಸಿ, ಬೈಯಬೇಡಿ. ನೀರಿನ ಬಿಸಿ 37 ಡಿಗ್ರಿ ಆಸುಪಾಸು ಇರಲಿ, ಮೊಣಕೈ ಅದ್ದಿದರೆ ತಿಳಿಯುತ್ತದೆ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ನಿಲ್ಲಿಸಿ. ಸಾಂಬ್ರಾಣಿ ಹೊಗೆಯೂ ಬೇಡ, ಎಳೆ ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ. (ಇದಕ್ಕೆ ಅವರು ಮುಖ ಸಣ್ಣ ಮಾಡಿಕೊಂಡರು.)

ಇಬ್ಬರಿಗೂ ಒಂದೇ ಕಟ್ಟುನಿಟ್ಟು: ಎರೆಯುವವರ ಕೈಯಲ್ಲಿ ಫೋನ್ ಇರಬಾರದು. ಎರಡು ಇಂಚು ನೀರಲ್ಲೂ ಮಗು ಮುಳುಗಬಹುದು, ಸದ್ದೇ ಆಗುವುದಿಲ್ಲ.

ಮೂರು ವಾರ ಬಿಟ್ಟು ಬಂದಾಗ ಸೊಸೆ ಒಂದು ಫೋಟೊ ತೋರಿಸಿದರು. ಅಲುಗಾಡಿ ಮಸುಕಾಗಿತ್ತು, ಅರ್ಧಕ್ಕೆ ಬಕೆಟ್ಟೇ ತುಂಬಿತ್ತು. ಅವರ ಮೊಣಕೈ ನೀರಿನಲ್ಲಿತ್ತು. ತೆಗೆದದ್ದು ಅತ್ತೆ.